ಕೂಗುವವರಿಗೆ ಉಸಿರಿದೆ

ಲಾಂಚಿನಲ್ಲಿ ಓಡಾಡುವವರೆಲ್ಲ ಅವನನ್ನು ರೂಲ್ಸಣ್ಣ ಎಂದೇ ಕರೆಯುತ್ತಿದ್ದರು, ಎದುರಿಗೂ, ಬೆನ್ನ ಹಿಂದೆಯೂ. ಅವನಿಗೇನೂ ಬೇಸರವಿರಲಿಲ್ಲ, ಒಳಗೊಳಗೆ ಖುಷಿಯೇ ಇತ್ತು. ನದಿಯ ಈ ದಡದವರನ್ನು ಆ ದಡಕ್ಕೆ, ಆ ದಡದವರನ್ನು ಈ ದಡಕ್ಕೆ ದಾಟಿಸುವುದು ಅವನ ಕೆಲಸ. ವರ್ಷಗಟ್ಟಲೆ ಒಂದೇ ನೀರಿನ ಮೇಲೆ ಹೋಗಿ ಬಂದು ಮಾಡುತ್ತಿದ್ದರೆ ಯಾರ ತಲೆಗಾದರೂ ಒಂದು ಹುಳ ಹೊಕ್ಕೇ ಹೊಗುತ್ತದೆ. ಕೆಲವರು ಕುಡಿತಕ್ಕೆ ಬೀಳುತ್ತಾರೆ, ಕೆಲವರು ಇಸ್ಪೀಟಿಗೆ. ಇವನು ನಿಯಮ ಮಾಡುವುದಕ್ಕೆ ಬಿದ್ದ.

ಹತ್ತುವವರು ಇಳಿಯುವವರಿಗೆ ದಾರಿ ಬಿಡಬೇಕು ಎಂಬುದು ಎಲ್ಲ ಕಡೆಯೂ ಇರುವ ನಿಯಮ, ಅದಿರಲಿ ಬಿಡಿ. ಮಳೆ ಬಂದಾಗ ಸೂರಿನ ಕೆಳಗಿನ ಜಾಗ ಮುದುಕರಿಗೋ, ಎಳೆಗೂಸಿನ ತಾಯಿಗೋ? ಓಡಿ ಬರುತ್ತಿರುವ ಒಬ್ಬನಿಗಾಗಿ ಹತ್ತಿ ಕುಳಿತವರೆಲ್ಲ ಕಾಯಬೇಕೆ? ಇಂಥವಕ್ಕೆಲ್ಲ ಅವನ ಹತ್ತಿರ ಉತ್ತರವಿತ್ತು. ಉತ್ತರ ಮಾತ್ರವಲ್ಲ, ಉತ್ತರಕ್ಕೆ ಕಾರಣವೂ ಇತ್ತು. ಒಮ್ಮೆ ಅವನ ಸ್ವಂತ ಅಣ್ಣನೇ ಏದುಸಿರು ಬಿಡುತ್ತ, ಕೈ ಬೀಸುತ್ತ ಓಡಿ ಬಂದ. ಇವನು ನೋಡಿಯೂ ಲಾಂಚು ಬಿಟ್ಟ. "ನಮ್ಮಣ್ಣ ಅಂತ ನಿಲ್ಲಿಸಿದ್ರೆ ನಾಳೆ ಎಲ್ಲರ ಅಣ್ಣಂದಿರಿಗೂ ನಿಲ್ಲಿಸಬೇಕಾಗುತ್ತೆ" ಎಂದ. ಅಣ್ಣ ಆಮೇಲೆ ಬಹಳ ದಿನ ಇವರ ಮನೆಯ ಕಡೆ ತಲೆ ಹಾಕಲಿಲ್ಲ. ಇವನಿಗೆ ಅದರಿಂದ ನಿದ್ದೆಯೇನೂ ಕೆಡಲಿಲ್ಲ.

ಈ ಹುಳಕ್ಕೆ ಮೇವು ಹಾಕಿದವರು ಒಬ್ಬ ಮೇಷ್ಟರು. ಆ ದಡದ ಕಾಲೇಜಿನಲ್ಲಿ ನೀತಿಶಾಸ್ತ್ರ ಹೇಳಿಕೊಡುವವರು, ಒಳ್ಳೆಯ ಮನುಷ್ಯ. ದಿನಾ ಬೆಳಗ್ಗೆ ಲಾಂಚು ಹತ್ತಿ, ಚಕ್ರ ಹಿಡಿದು ನಿಲ್ಲುವ ಅವನ ಗೂಡಿನ ಬಾಗಿಲಿಗೆ ಒರಗಿ, ಕೊಡೆಯ ಹಿಡಿಯ ಮೇಲೆ ಗಲ್ಲ ಊರಿ ಒಂದು ಒಗಟು ಬಿಡುತ್ತಿದ್ದರು.

"ಔಷಧಿ ಒಬ್ಬರಿಗೆ ಆಗುವಷ್ಟೇ ಇದೆ. ರೋಗಿಗಳು ಇಬ್ಬರು. ಒಬ್ಬ ನಿನ್ನ ಸ್ನೇಹಿತ, ಇನ್ನೊಬ್ಬ ಯಾರೋ. ಯಾರಿಗೆ ಕೊಡ್ತೀಯಪ್ಪ?"

"ಯಾರಿಗೆ ಕಾಯಿಲೆ ಜಾಸ್ತಿ ಸಾರ್?"

ಮೇಷ್ಟರಿಗೆ ಹಾಲು ಕುಡಿದಷ್ಟು ಸಂತೋಷ. "ಸ್ನೇಹಿತ ಯಾರು ಅಂತ ನೀನು ಕೇಳಲೇ ಇಲ್ಲ ನೋಡು. ನನ್ನ ಹುಡುಗರಿಗೆ ವರ್ಷವಿಡೀ ಬಡ್ಕೊಂಡ್ರೂ ಇದು ತಲೆಗೆ ಹತ್ತಲ್ಲ. ನಿಯಮ ಅಂದ್ಮೇಲೆ ಎಲ್ಲರಿಗೂ ಒಂದೇ. ಮನೆಯವರ ಮುಂದೆ ಬಗ್ಗೋದಾದ್ರೆ ಅದು ನಿಯಮ ಅಲ್ಲ, ನೆಪ." ಹೀಗೆ ಲಾಂಚು ಒಂದು ದಡ ಮುಟ್ಟುವುದರೊಳಗೆ ಲೋಕದ ಒಂದು ಸಮಸ್ಯೆ ಬಗೆಹರಿಯುತ್ತಿತ್ತು. ಇಬ್ಬರೂ ಅವರವರ ಕೆಲಸಕ್ಕೆ ಹಿಂತಿರುಗುತ್ತಿದ್ದರು.

ಅವನ ನಿಯಮಗಳಲ್ಲೆಲ್ಲ ನಿಜವಾಗಿ ಬೆಲೆಬಾಳುವಂಥದು ಒಂದಿತ್ತು. ಅದನ್ನು ಅವನು ಯಾರಿಂದಲೂ ಕಲಿತದ್ದಲ್ಲ, ಕಣ್ಣಾರೆ ಕಂಡು ಕಟ್ಟಿಕೊಂಡದ್ದು. ಹರೆಯದಲ್ಲಿ ಅವನೆದುರಿಗೇ ಒಬ್ಬ ಮುಳುಗಿ ಸತ್ತಿದ್ದ. ದಡದವರೆಲ್ಲ ದೂರದಲ್ಲಿ ಕೂಗಿಕೊಳ್ಳುತ್ತಿದ್ದ ಇನ್ನೊಬ್ಬನ ಕಡೆ ಓಡಿದ್ದರು. ಸತ್ತವನು ಕೈಯಳತೆಯಲ್ಲೇ, ಒಂದು ಸದ್ದೂ ಮಾಡದೆ, ಸ್ನಾನಕ್ಕಿಳಿದವನ ಹಾಗೆ ಒಳಗೆ ಹೋಗಿಬಿಟ್ಟ. ಮುಳುಗುವವನಿಗೆ ಕೂಗಲು ಬಿಡುವಿರುವುದಿಲ್ಲ, ಬಾಯಿ ಉಸಿರಿಗೆ ಬೇಕಾಗಿರುತ್ತದೆ. ಆವತ್ತಿನಿಂದ ಲಾಂಚಿಗೆ ಯಾರೇ ಹೊಸಬರು ಕೆಲಸಕ್ಕೆ ಬರಲಿ, ರೂಲ್ಸಣ್ಣ ಮೊದಲು ಬಾಯಿಪಾಠ ಮಾಡಿಸುತ್ತಿದ್ದುದು ಇದನ್ನೇ: "ಕೂಗೋರಿಗೆ ಉಸಿರಿದೆ. ಸುಮ್ಮನಿರೋರನ್ನ ಮೊದಲು ಹಿಡಿ." ಹಗ್ಗ ಎಸೆಯುವ, ಕಟ್ಟುವ ಕೆಲಸದವನೊಬ್ಬ ಇದ್ದ, ಹಗ್ಗದವನು ಎಂದೇ ಅವನ ಹೆಸರು. ಅವನು ಇದನ್ನು ನಿದ್ದೆಯಲ್ಲೂ ಹೇಳುತ್ತಾನೆಂದು ಅವನ ಹೆಂಡತಿ ದೂರುತ್ತಿದ್ದಳಂತೆ.

ರೂಲ್ಸಣ್ಣನ ಹೆಂಡತಿಯ ಗಂಟಲು ಬೇರೆಯೇ ಜಾತಿಯದು. ಲಾಂಚು ನಿಲ್ಲುವ ದಕ್ಕೆಯ ಮೇಲಿನ ಬೀದಿಯಲ್ಲೇ ಅವರ ಮನೆ. ಮಕ್ಕಳಿಲ್ಲ, ಇಬ್ಬರೇ. ಆಕೆ ಅಡುಗೆಮನೆಯ ಕಿಟಕಿಯಿಂದ "ರೀ" ಎಂದರೆ ದಕ್ಕೆಯ ಮೇಲೆ ಅರ್ಧ ಜನ ತಿರುಗಿ ನೋಡುತ್ತಿದ್ದರು. ಡಬ್ಬಿಯ ಮುಚ್ಚಳ ತೆಗೆಯಲಾಗದಿದ್ದರೆ ರೀ. ಗೋಡೆಯ ಮೇಲೆ ಹಲ್ಲಿ ಬಂದರೆ ರೀ. ಆಕಾಶ ಚೆನ್ನಾಗಿ ಕೆಂಪಾಗಿದ್ದರೆ, ಬಂದು ನೋಡಿ ರೀ. ನಿಯಮದ ಗಂಡನನ್ನು ಆಕೆ ಸುಮ್ಮನೆ ಬಿಟ್ಟವಳೂ ಅಲ್ಲ. "ನಮ್ಮನೇಲಿ ಸೊಳ್ಳೇನೂ ಇವರನ್ನ ಕೇಳ್ಕೊಂಡು ಕಚ್ಚುತ್ತೆ" ಎಂದು ಅಕ್ಕಪಕ್ಕದವರ ಮುಂದೆ ಕಾಲೆಳೆಯುತ್ತಿದ್ದಳು. ಅವನು ಗೊಣಗುತ್ತಿದ್ದ, ಆದರೆ ಕೂಗಿದರೆ ಹೋಗುತ್ತಿದ್ದ. ಅದಕ್ಕೆ ನಿಯಮವೇನೂ ಇರಲಿಲ್ಲ. ಅದೊಂದಕ್ಕೆ ನಿಯಮ ಬೇಕೆಂದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ.

ಅದು ಆದದ್ದು ಒಂದು ಸಂಜೆ, ಇನ್ನೂ ಬೆಳಕಿದ್ದಾಗಲೇ. ಆಕೆ ಸಾಮಾನು ತರಲು ಆ ದಡಕ್ಕೆ ಹೋಗಿದ್ದವಳು ವಾಪಸು ಬಂದಿದ್ದಳು. ಲಾಂಚಿಗೂ ದಕ್ಕೆಗೂ ನಡುವೆ ಹಲಗೆ ಹಾಕಿದ್ದರು. ಆಕೆ ಮುಂದೆ, ಹಿಂದೆ ಬಟ್ಟೆಗಂಟು ಹಿಡಿದ ಒಬ್ಬ ದರ್ಜಿ ಹೆಂಗಸು. ದೊಡ್ಡ ಮರಳಿನ ದೋಣಿಯೊಂದು ಹತ್ತಿರದಲ್ಲೇ ಹಾದು ಅಲೆಯೆದ್ದಿತು, ಹಲಗೆ ಜಾರಿತು, ಇಬ್ಬರೂ ನೀರಿಗೆ ಬಿದ್ದರು. ಸೆಳೆತ ಅವರನ್ನು ಎರಡು ಕಡೆಗೆ ಎಳೆಯಿತು. ಹಗ್ಗದವನ ಎರಡೂ ಕೈ ಅಲೆಗೆ ಜಗ್ಗುತ್ತಿದ್ದ ಲಾಂಚನ್ನು ಹಿಡಿಯುವುದರಲ್ಲೇ ಇದ್ದವು. ರೂಲ್ಸಣ್ಣ ಗೂಡಿನಿಂದ ಹಾರಿ ಬಂದು ಕಟಕಟೆಗೆ ಕಟ್ಟಿದ್ದ, ಮುಳುಗುವವರಿಗೆ ಎಸೆಯುವ ತೇಲುವ ಬಳೆಯನ್ನು ಬಿಚ್ಚಿ ಕೈಗೆ ತೆಗೆದುಕೊಂಡ. ಬಳೆ ಒಂದೇ ಇತ್ತು.

ನೀರಿನ ಮೇಲೆ ಎರಡು ತಲೆ. ಎಡಕ್ಕೆ ಅವನ ಹೆಂಡತಿ, ಕೈ ಬಡಿಯುತ್ತ, ಊರಿಗೆಲ್ಲ ಕೇಳುವ ಹಾಗೆ "ರೀ, ರೀ" ಎಂದು ಕೂಗುತ್ತ. ಬಲಕ್ಕೆ ದರ್ಜಿ ಹೆಂಗಸು, ಸುಮ್ಮನೆ. ತಲೆ ಹಿಂದಕ್ಕೆ ವಾಲಿತ್ತು, ಕೂದಲು ಕಣ್ಣಿನ ಮೇಲೆ ಅಂಟಿತ್ತು, ನೀರು ತುಟಿಯ ಅಂಚಿಗೆ ಬಂದು ಹೋಗುತ್ತಿತ್ತು.

ಅವನು ಎವೆ ಮಿಟುಕಿಸುವಷ್ಟು ಹೊತ್ತು ನಿಂತ. ಮೀನಮೇಷ ಎಣಿಸಿದ ಎಂದು ಯಾರೂ ಹೇಳಲಾರರು. ಆದರೆ ಅಷ್ಟು ಹೊತ್ತೂ ಅವನು ನೋಡುತ್ತಿದ್ದುದು ಹೆಂಡತಿಯ ಮುಖವನ್ನು, ಅವಳು ನೋಡುತ್ತಿದ್ದುದು ಅವನ ಮುಖವನ್ನು. ಅವನ ತುಟಿ ಅಲ್ಲಾಡಿತು. ಆಮೇಲೆ ಅವನು ಬಲಕ್ಕೆ ತಿರುಗಿ ದರ್ಜಿ ಹೆಂಗಸಿನ ಕಡೆ ಬಳೆ ಎಸೆದು, ತಾನೂ ಧುಮುಕಿ, ಅವಳ ಮುಂಗೈ ಹಿಡಿದು ದಕ್ಕೆಗೆ ಎಳೆದು ತಂದ. ಹಗ್ಗದವನು ಅವಳನ್ನು ಮೇಲೆತ್ತಿಕೊಂಡ.

ಎಡಕ್ಕೆ ತಿರುಗುವ ಹೊತ್ತಿಗೆ ಕೂಗು ನಿಂತಿತ್ತು. ರೂಲ್ಸಣ್ಣ ಆಗ ಈಜಿದ ಹಾಗೆ ಜನ್ಮದಲ್ಲಿ ಈಜಿರಲಿಲ್ಲ. ನೀರಿನ ಒಳಗೆ ಕೈಯಾಡಿಸಿ, ಸೆರಗು ಸಿಕ್ಕಿ, ಅವಳನ್ನು ಮೇಲಕ್ಕೆ ತಂದಾಗ ಅವಳು ಕಣ್ಣು ತೆರೆದೇ ಇದ್ದಳು. ಬೆನ್ನು ಗುದ್ದಿದರು, ನೀರು ಕಕ್ಕಿದಳು, ಉಸಿರು ಬಂತು. ಇಬ್ಬರೂ ಉಳಿದರು. ಎಡಕ್ಕೆ ಮೊದಲು ಹೋಗಿದ್ದರೆ ದರ್ಜಿ ಹೆಂಗಸು ಖಂಡಿತ ಉಳಿಯುತ್ತಿರಲಿಲ್ಲ, ಇದನ್ನು ದಕ್ಕೆಯ ಮೇಲಿದ್ದ ಪ್ರತಿಯೊಬ್ಬರೂ ಹೇಳಿದರು. ಲೆಕ್ಕ ಅಷ್ಟು ಸರಿಯಾಗಿತ್ತು.

ಊರು ಅವನನ್ನು ಹೊತ್ತು ಮೆರೆಸಿತು. ಮೇಷ್ಟರು ಮನೆಗೇ ಬಂದರು, ಕುರ್ಚಿಯ ತುದಿಯಲ್ಲಿ ಕುಳಿತು ಅವನ ಬೆನ್ನು ತಟ್ಟಿದರು. "ನಾನು ಮೂವತ್ತು ವರ್ಷ ಬಾಯಲ್ಲಿ ಹೇಳಿದ್ದನ್ನ ನೀನು ಕೈಯಲ್ಲಿ ಮಾಡಿ ತೋರಿಸ್ದೆ." ಹೆಂಡತಿ ಬಾಗಿಲ ಪಕ್ಕದಲ್ಲಿ ನಿಂತಿದ್ದಳು. ಮಾತಿನ ನಡುವೆ ಅವಳು ಕೇಳಿದಳು:

"ಸಾರ್, ನಾನು ಕೂಗಿದ್ದು ತಪ್ಪಾ?"

ಮೇಷ್ಟರು ತಬ್ಬಿಬ್ಬಾದರು. "ಅಯ್ಯೋ, ಇಲ್ಲಮ್ಮ. ಅದು ತಪ್ಪು ಸರಿ ಅನ್ನೋ ಮಾತೇ ಅಲ್ಲ. ನೀರಿಗೆ ಬಿದ್ದಾಗ ಬಾಯಿಗೆ ಬಂದದ್ದು. ಮಾಡಿದ ಕೆಲಸವನ್ನ ಅಳೀಬಹುದು, ಕೂಗನ್ನ ಏನು ಅಂತ ಅಳೆಯೋದು?"

"ಹಾಗಾದ್ರೆ ಅದು ಲೆಕ್ಕಕ್ಕೇ ಇಲ್ಲ."

"ಹಾಗಲ್ಲ..." ಎಂದು ಮೇಷ್ಟರು ಶುರುಮಾಡಿ, ಕಾಫಿಯ ಲೋಟ ಎತ್ತಿಕೊಂಡರು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ, ಅಳುವೂ ಇರಲಿಲ್ಲ. ಗೊತ್ತಿಲ್ಲದ ಊರಿನ ಬಸ್ಸಿನ ಹೊತ್ತು ವಿಚಾರಿಸುವವರ ಹಾಗೆ ಕೇಳಿ, ಉತ್ತರ ತಿಳಿದುಕೊಂಡು ಒಳಗೆ ಹೋದಳು.

ಆಮೇಲೆ ಮನೆ ಮೊದಲಿನಂತೆಯೇ ನಡೆಯಿತು. ಅವಳು ಮುನಿಸಿಕೊಳ್ಳಲಿಲ್ಲ, ಎದುರಿಗೆ ಕುಳಿತರೆ ಮಾತಾಡುತ್ತಿದ್ದಳು, ಹೇಳಿದ್ದಕ್ಕೆ ನಗುತ್ತಿದ್ದಳು. ಆ ಹೆಂಗಸನ್ನು ಮೊದಲು ಎಳೆದದ್ದೇ ಸರಿ ಎಂದು ಕೇಳಿದವರಿಗೆಲ್ಲ ಅವಳೇ ಹೇಳುತ್ತಿದ್ದಳು. ಕೂಗುವುದನ್ನು ಮಾತ್ರ ನಿಲ್ಲಿಸಿದ್ದಳು. ಇದು ಅವನ ಗಮನಕ್ಕೆ ಬರಲು ಸ್ವಲ್ಪ ಕಾಲ ಹಿಡಿಯಿತು. ಗಂಡಸರಿಗೆ ಇಂಥದು ಬೇಗ ಹತ್ತುವುದಿಲ್ಲ, ಸದ್ದು ಕಡಿಮೆಯಾದರೆ ಒಳ್ಳೆಯದೇ ಆಯಿತೆಂದುಕೊಳ್ಳುತ್ತಾರೆ.

ಒಂದು ಬೆಳಗ್ಗೆ ಅವನು ನಡುಮನೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. "ಏನು ಬಿತ್ತು?" ಎಂದ, ಉತ್ತರವಿಲ್ಲ. ಮುಖ ತೊಳೆದು, ಒರೆಸಿಕೊಂಡು, ಕಾಫಿಗೆಂದು ಒಳಗೆ ಹೋದ. ಅವಳು ಒಲೆಯ ಮುಂದೆ ನಿಂತಿದ್ದಳು. ಕುದಿಯುವ ನೀರು ಎಡಗೈ ಮೇಲೆಲ್ಲ ಚೆಲ್ಲಿಕೊಂಡು ತೋಳಿನವರೆಗೂ ಕೆಂಪಾಗಿ ಬೊಬ್ಬೆ ಏಳುತ್ತಿತ್ತು. ಅವಳು ಆ ಕೈಯನ್ನು ಮುಂದಕ್ಕೆ ಚಾಚಿ ಹಿಡಿದುಕೊಂಡು, ಬಾಯಿ ಮುಚ್ಚಿ, ಬಾಗಿಲನ್ನೇ ನೋಡುತ್ತಿದ್ದಳು. ಅವನು ಬರುವ ದಾರಿಯನ್ನು.

"ಯಾಕೆ ಕೂಗಲಿಲ್ಲ?" ಕೈಗೆ ತಣ್ಣೀರು ಸುರಿಯುತ್ತ ಕೇಳಿದ.

"ಬಂದ್ರಲ್ಲ" ಎಂದಳು.

ಅದಾಗಿ ಕೆಲವು ದಿನಗಳ ಮೇಲೆ ಸಂಜೆ ಮನೆಗೆ ಬಂದರೆ ಬೀದಿ ಬಾಗಿಲು ತೆರೆದೇ ಇತ್ತು, ಮನೆಯಲ್ಲಿ ಯಾರೂ ಇಲ್ಲ. ಒಲೆ ತಣ್ಣಗಿತ್ತು. ಬೆಳಗಿನ ತಟ್ಟೆ ಬೆಳಗ್ಗೆ ಇಟ್ಟಲ್ಲೇ ಇತ್ತು. ಅಕ್ಕಪಕ್ಕ ವಿಚಾರಿಸಿದ, ಹಿತ್ತಲು ಸುತ್ತಿದ. ಕೊನೆಗೆ ಬಚ್ಚಲುಮನೆಯ ಬಾಗಿಲು ತಳ್ಳಿದರೆ ಅದು ಬಿಗಿದುಕೊಂಡಿತ್ತು, ಅಗುಳಿ ಒಳಗಡೆಯೇ ಸಿಕ್ಕಿಹಾಕಿಕೊಂಡಿತ್ತು. ಹೆಗಲು ಕೊಟ್ಟು ಗುದ್ದಿ ಒಡೆದ. ಅವಳು ಒಳಗೆ ಗೋಡೆಗೆ ಒರಗಿ ಕುಳಿತಿದ್ದಳು, ಬೆಳಗಿನ ಬಟ್ಟೆಯಲ್ಲೇ. ಪಕ್ಕದ ಮನೆಗೂ ಆ ಬಚ್ಚಲಿಗೂ ನಡುವೆ ಇರುವುದು ಒಂದು ಗೋಡೆ. ಒಂದು ಸಲ ಬಾಗಿಲು ತಟ್ಟಿದ್ದರೆ ಅವರು ಓಡಿ ಬರುತ್ತಿದ್ದರು.

"ಇಡೀ ದಿನ ಇಲ್ಲೇ ಇದ್ಯಾ? ಒಂದು ಸಲ ಕೂಗಬಾರ್ದಿತ್ತಾ?"

ಅವಳು ಅವನ ಕೈ ಹಿಡಿದುಕೊಂಡು ಎದ್ದಳು. ಕಾಲು ಜೋಮು ಹಿಡಿದಿತ್ತು. ಅವನ ಮೇಲೆ ಭಾರ ಬಿಟ್ಟು ನಿಧಾನವಾಗಿ, ಮಗುವಿಗೆ ಬಿಡಿಸಿ ಹೇಳುವ ಹಾಗೆ ಹೇಳಿದಳು: "ಕೂಗಿದ್ರೆ ತಡ ಆಗುತ್ತೆ ಅಲ್ವಾ. ಆವತ್ತು ಕೂಗೋವಷ್ಟು ಹೊತ್ತೂ ಬರಲಿಲ್ಲ. ಸುಮ್ಮನಾದೆ, ಬಂದ್ರಿ."

ಅವನು ಏನಾದರೂ ಹೇಳಬೇಕಿತ್ತು. ತಪ್ಪಾಯಿತು ಎನ್ನಬಹುದಿತ್ತು, ಆದರೆ ತಪ್ಪಾಗಿರಲಿಲ್ಲ. ಒಂದು ಜೀವ ಉಳಿದಿತ್ತು, ಅದು ಆ ದಡದಲ್ಲಿ ಹೊಲಿಗೆ ಯಂತ್ರ ತುಳಿಯುತ್ತ ಕುಳಿತಿತ್ತು. ಮತ್ತೆ ಹಾಗೇ ಆದರೆ ನಿನ್ನ ಕಡೆಗೇ ಬರುತ್ತೇನೆ ಎನ್ನಬಹುದಿತ್ತು, ಅದು ನಿಜವೋ ಅಲ್ಲವೋ ಅವನಿಗೇ ಗೊತ್ತಿರಲಿಲ್ಲ. ಎಷ್ಟು ಒಗಟು ಬಿಡಿಸಿದ್ದ ಮನುಷ್ಯ, ಹೆಂಡತಿಯನ್ನು ಬಚ್ಚಲಿನಿಂದ ನಡುಮನೆಗೆ ಕರೆತರುವಷ್ಟು ದೂರಕ್ಕೆ ಒಂದು ಮಾತು ಹೊಂದಿಸಲಾರದೆ ಹೋದ.

ಅಂದಿನಿಂದ ರೂಲ್ಸಣ್ಣನ ಕಿವಿ ಕೆಟ್ಟಿತು. ಕಿವುಡಾದ ಎಂದಲ್ಲ, ಅದಾಗಿದ್ದರೆ ವಾಸಿಯಿತ್ತು. ಸದ್ದಿಲ್ಲದ ಕಡೆಗೆಲ್ಲ ಅವನ ಕಿವಿ ನೆಟ್ಟಗಾಗತೊಡಗಿತು. ಲಾಂಚಿನ ತುಂಬ ಜನ ಹರಟುತ್ತಿದ್ದರೆ ಅವನಿಗೆ ಹಾಯೆನಿಸುತ್ತಿತ್ತು. ಒಬ್ಬರು ಮಾತು ನಿಲ್ಲಿಸಿ ನೀರು ನೋಡುತ್ತ ಕುಳಿತರೆ ಸಾಕು, ಚಕ್ರವನ್ನು ಹಗ್ಗದವನ ಕೈಗೆ ಕೊಟ್ಟು ಹೋಗಿ "ಏನಾಯ್ತು?" ಎಂದು ಕೇಳುತ್ತಿದ್ದ. ಅವರು "ಏನಿಲ್ಲ" ಎನ್ನುತ್ತಿದ್ದರು. ಮುಳುಗುವವರೂ ಕೇಳಿದರೆ ಹಾಗೇ ಹೇಳುತ್ತಾರೇನೋ ಎಂದು ಅವನಿಗೆ ಅನಿಸುತ್ತಿತ್ತು. ಸಂತೆಯಲ್ಲಿ ಚೌಕಾಸಿ ಮಾಡದೆ ನಿಂತವರು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತವರು, ಬಸ್ಸಿನ ಕಿಟಕಿಯಲ್ಲಿ ಕಾಣುವ ಮುಖಗಳು, ಎಲ್ಲ ಕಡೆಯೂ ತಲೆಗಳು ನೀರಿನ ಮೇಲೆ ನಿಂತ ಹಾಗೆ ನಿಂತಿದ್ದವು, ಒಂದೂ ಕೂಗುತ್ತಿರಲಿಲ್ಲ. ಅವನ ನಿಯಮದ ಪ್ರಕಾರ ಅವರನ್ನೆಲ್ಲ ಮೊದಲು ಹಿಡಿಯಬೇಕಿತ್ತು.

ಅತ್ತ ಮನೆಯಲ್ಲಿ ಅವನು ಹತ್ತು ಹೆಜ್ಜೆಗೊಮ್ಮೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಪಾತ್ರೆಯ ಸದ್ದು, ನೀರಿನ ಸದ್ದು, ಬಳೆಯ ಸದ್ದು. ಎಲ್ಲವೂ ನಿಂತರೆ ಓಡುತ್ತಿದ್ದ. ಅವಳು ಕಿಟಕಿಯ ಬಳಿ ಬಟ್ಟೆ ಮಡಿಸುತ್ತಿರುತ್ತಿದ್ದಳು, ತಲೆಯೆತ್ತಿ ನೋಡಿ, "ಬಂದ್ರಾ" ಎನ್ನುತ್ತಿದ್ದಳು. ಒಮ್ಮೆ ಅವನು ಕೈಮುಗಿಯುವುದೊಂದು ಬಾಕಿ, "ಒಂದು ಸಲ ಕೂಗೇ. ಹಲ್ಲಿಗಾದ್ರೂ ಕೂಗು" ಎಂದ. ಅವಳು ಮುಗುಳ್ನಕ್ಕಳು. ಬಾಯಿ ತೆರೆದಳು ಕೂಡ. ದನಿ ಬರಲಿಲ್ಲ, ಅವಳಿಗೇ ಆಶ್ಚರ್ಯವಾದ ಹಾಗೆ ಗಂಟಲು ಮುಟ್ಟಿ ನೋಡಿಕೊಂಡಳು. ಅವನಿಗೆ ಬೇಕಾಗಿದ್ದುದು ಲೋಕದಲ್ಲಿ ಅದೊಂದೇ, ಅವಳ ಗಂಟಲಿನಿಂದ ಒಂದು ರೀ. ಅದಿಲ್ಲದೆ ಒಂದು ದಿನ ಇವಳು ನನ್ನ ಪಕ್ಕದಲ್ಲೇ ಸದ್ದಿಲ್ಲದೆ ಹೋಗಿಬಿಡುತ್ತಾಳೆ ಎಂಬ ಭಯ ಅವನನ್ನು ತಿನ್ನುತ್ತಿತ್ತು.

ದರ್ಜಿ ಹೆಂಗಸು ಒಂದು ಮಧ್ಯಾಹ್ನ ಮನೆಗೆ ಬಂದಳು. ತಾನೇ ಹೊಲಿದ ರವಿಕೆಯೊಂದನ್ನು ಅವನ ಹೆಂಡತಿಗೆಂದು ತಂದಿದ್ದಳು. ಇಬ್ಬರೂ ಅಕ್ಕತಂಗಿಯರ ಹಾಗೆ ಚಾಪೆಯ ಮೇಲೆ ಕುಳಿತರು, ಅವನು ಜಗಲಿಯಲ್ಲಿದ್ದ, ಮಾತೆಲ್ಲ ಕೇಳಿಸುತ್ತಿತ್ತು.

"ಅಕ್ಕಾ, ಒಂದು ಮಾತು ಹೇಳಬೇಕು ಅಂತ ಬಹಳ ದಿನದಿಂದ ಇತ್ತು" ಎಂದಳು ದರ್ಜಿ ಹೆಂಗಸು. "ಆವತ್ತು ನಿಮ್ಮ ಯಜಮಾನರು ನನ್ನ ಕೈ ಹಿಡಿದು ಎಳೀವಾಗ ನನ್ನನ್ನ ಒಂದು ಸಲಾನೂ ನೋಡಲಿಲ್ಲ. ಪೂರ್ತಿ ಹೊತ್ತೂ ಕತ್ತು ತಿರುಗಿಸಿ ನಿಮ್ಮನ್ನೇ ನೋಡ್ತಿದ್ರು. ಎಲ್ಲಿ ನನ್ನ ಕೈ ಬಿಟ್ಟುಬಿಡ್ತಾರೋ ಅಂತ ಭಯ ಆಗಿತ್ತು ನನಗೆ."

ಇದು ರೂಲ್ಸಣ್ಣನಿಗೆ ನೆನಪೇ ಇರಲಿಲ್ಲ. ಜಗಲಿಯ ಕಂಬ ಹಿಡಿದುಕೊಂಡು ಒಳಗಿನ ಉತ್ತರಕ್ಕೆ ಕಾದ.

"ಗೊತ್ತು" ಎಂದಳು ಹೆಂಡತಿ. "ನಾನೂ ನೋಡಿದ್ನಲ್ಲ ಆ ಕಣ್ಣು. ಇನ್ನೂ ಎಷ್ಟು ಹೊತ್ತು ತಡೀತಾಳೆ ಅಂತ ಅಳೀತಿದ್ರು."

ರೂಲ್ಸಣ್ಣ ಜಗಲಿಯಲ್ಲಿ ಕುಳಿತು ನೆನಪನ್ನು ಕೆದಕಿದ. ಕತ್ತು ತಿರುಗಿಸಿದ್ದು ಯಾಕೆ? ಕರುಳು ಎಳೆಯಿತೆಂದೋ, ಅಳತೆಗೋ? ಎರಡಕ್ಕೂ ಕಣ್ಣು ಒಂದೇ, ತಿರುಗುವ ಕತ್ತೂ ಒಂದೇ. ಎಷ್ಟು ಕೆದಕಿದರೂ ನೀರು ಮಾತ್ರ ಕಾಣಿಸಿತು, ನೀರಿನ ಮೇಲೆ ಅವಳ ಬಾಯಿ. ತನ್ನ ಮನಸ್ಸಿನೊಳಗೆ ಆಗ ಏನಿತ್ತೆಂದು ತನಗೇ ಗೊತ್ತಿಲ್ಲ ಎಂಬುದು ತಿಳಿದಾಗ ಅವನು ನಿಜವಾಗಿ ಹೆದರಿದ.

ಚಳಿಗಾಲ ಬಂತು. ಬೆಳಗಿನ ಹೊತ್ತು ನದಿಯ ಮೇಲೆ ಮಂಜು ಕುಳಿತರೆ ಬಿಸಿಲೇರುವವರೆಗೂ ಏಳುತ್ತಿರಲಿಲ್ಲ. ಅಂಥ ಒಂದು ಬೆಳಗ್ಗೆ ಅವಳು ಹೊಸ ರವಿಕೆ ಹಾಕಿಕೊಂಡು, ಸ್ವಲ್ಪ ಬಿಗಿಯಾಗಿದೆ, ಸಡಿಲ ಮಾಡಿಸಿಕೊಂಡು ಬರುತ್ತೇನೆ ಎಂದು ಹೊರಟಳು. ಬಿದ್ದ ಮೇಲೆ ಅವಳು ಲಾಂಚು ಹತ್ತಿದ್ದು ಅದೇ ಮೊದಲು. ಹಿಂದಿನ ಬೆಂಚಿನ ತುದಿಯಲ್ಲಿ, ಕಟಕಟೆಗೆ ತಾಗಿಕೊಂಡು ಕುಳಿತಳು. ಅವನು ಬೇಡವೆನ್ನಲಿಲ್ಲ. ಹಗ್ಗದವನಿಗೆ ಅವಳನ್ನು ಕಣ್ಣಲ್ಲೇ ತೋರಿಸಿದ. ಅವನು ಅರ್ಥವಾಯಿತೆಂದು ತಲೆಯಾಡಿಸಿ, ಮುಂಭಾಗದಲ್ಲಿ ನಿಂತು ದಾರಿ ನೋಡುವ ಕೆಲಸಕ್ಕೆ ಹೋದ. ಮಂಜಿನಲ್ಲಿ ಅಲ್ಲಿ ಒಬ್ಬರು ನಿಲ್ಲಲೇಬೇಕು.

ಲಾಂಚು ತುಂಬಿತ್ತು. ಚಳಿಗೆ ಯಾರೂ ಮಾತಾಡುತ್ತಿರಲಿಲ್ಲ, ಎಲ್ಲರೂ ಹೊದ್ದುಕೊಂಡು ಗೊಂಬೆಗಳ ಹಾಗೆ ಕುಳಿತಿದ್ದರು. ಯಂತ್ರದ ಸದ್ದು ಕೂಡ ಮಂಜಿನಲ್ಲಿ ಒದ್ದೆಯಾದಂತೆ ಕೇಳುತ್ತಿತ್ತು. ದಡ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ರೂಲ್ಸಣ್ಣ ಗೂಡಿನ ಹಿಂದಿನ ಕಿಟಕಿಯಿಂದ ತಿರುಗಿ ತಿರುಗಿ ನೋಡುತ್ತಿದ್ದ. ಅವಳ ತಲೆ ಕಾಣುತ್ತಿತ್ತು, ಮಂಜು ಬಂದು ಮುಚ್ಚುತ್ತಿತ್ತು, ಮತ್ತೆ ಕಾಣುತ್ತಿತ್ತು. ನಡುಹೊಳೆ ದಾಟಿ, ಕುಸಿದುಬಿದ್ದ ಹಳೆಯ ಸೇತುವೆಯ ಕಲ್ಲು ಕಂಬಗಳು ಇರುವ ಕಡೆಗೆ ಬಂದಾಗ ಇನ್ನೊಮ್ಮೆ ತಿರುಗಿದ. ಬೆಂಚಿನ ತುದಿ ಖಾಲಿಯಿತ್ತು.

ಯಾರೂ ಕೂಗಲಿಲ್ಲ. ನೀರು ಚಿಮ್ಮಿದ ಸದ್ದೂ ಇಲ್ಲ. ಅವನಿಗೆ ಅಷ್ಟೇ ಸಾಕಾಯಿತು.

ಈ ಸಲ ತುಟಿ ಅಲ್ಲಾಡಲಿಲ್ಲ. ಯಂತ್ರ ನಿಲ್ಲಿಸಲಿಲ್ಲ, ಹಗ್ಗದವನನ್ನು ಕರೆಯಲಿಲ್ಲ, ಚಕ್ರವನ್ನು ಯಾರ ಕೈಗೂ ಕೊಡಲಿಲ್ಲ. ಜನರನ್ನು ತಳ್ಳಿಕೊಂಡು ಹಿಂದಕ್ಕೆ ಓಡಿ, ಕಟಕಟೆ ಹತ್ತಿ ಹಾರಿದ. ನೀರು ಮಂಜುಗಡ್ಡೆಯ ಹಾಗೆ ಕಚ್ಚಿತು. ಮುಳುಗಿ ಹುಡುಕಿದ, ಎದ್ದು ಹುಡುಕಿದ, ಕೈಗೆ ಬರೀ ನೀರು. "ಇವಳೇ" ಎಂದು ಕೂಗಿದ, ಕೂಗಿ ಕೂಗಿ ಗಂಟಲು ಹರಿಯಿತು. ಮುಳುಗುವವಳಿಗೆ ಇದು ಕೇಳಿಸುವುದಿಲ್ಲ ಎಂದು ಬಲ್ಲವನೇ ಹುಚ್ಚನ ಹಾಗೆ ಕೂಗುತ್ತಿದ್ದ.

ಆಗ ಮಂಜಿನ ಒಳಗಿನಿಂದ, ಮೇಲಿನಿಂದ, ತುಂಬು ಗಂಟಲಲ್ಲಿ ಕೇಳಿಸಿತು: "ರೀ. ರೀ, ನಾನಿಲ್ಲೇ ಇದೀನಿ."

ಅವಳು ಲಾಂಚಿನ ಮುಂಭಾಗದಲ್ಲಿದ್ದಳು. ಎದ್ದು, ಜನರ ನಡುವೆ ನುಸುಳಿ, ಗೂಡಿನ ಇನ್ನೊಂದು ಪಕ್ಕದಿಂದ ಮುಂದೆ ಹೋಗಿ ನಿಂತಿದ್ದಳು. ಅವನಿಗೆ ಆ ದನಿ ಕೇಳಿ ನೀರಿನಲ್ಲೇ ಅಳು ಬಂತು, ಸಂತೋಷಕ್ಕೆ. ಬದುಕಿನಲ್ಲಿ ಅಷ್ಟು ಸಂತೋಷ ಅವನಿಗೆ ಹಿಂದೆ ಆಗಿರಲಿಲ್ಲ, ಮುಂದೆ ಆಗಲೂ ಇಲ್ಲ. ಅದರ ಬೆನ್ನಿಗೇ ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು, ಮತ್ತು ಅದುವರೆಗೂ ಸುಮ್ಮನಿದ್ದ ಜನರೆಲ್ಲ ಒಟ್ಟಿಗೆ ಬಾಯಿಬಿಟ್ಟ ಸದ್ದು ಕೇಳಿಸಿತು.

ಹಿಡಿಯುವವರಿಲ್ಲದ ಲಾಂಚು ಸೆಳೆತಕ್ಕೆ ಅಡ್ಡ ತಿರುಗಿ ಸೇತುವೆಯ ಕಂಬಕ್ಕೆ ಬಡಿದಿತ್ತು. ಹಗ್ಗದವನು ಗೂಡಿಗೆ ನುಗ್ಗಿ ಚಕ್ರ ಹಿಡಿಯದಿದ್ದರೆ ಮಗುಚಿಯೇ ಹೋಗುತ್ತಿತ್ತು. ಯಾರೂ ಸಾಯಲಿಲ್ಲ. ಅಂಚಿನಲ್ಲಿ ಕುಳಿತಿದ್ದ ಒಬ್ಬ ಬಡಗಿ, ಬಡಿತ ತಪ್ಪಿಸೋಣವೆಂದು ಕೈ ಚಾಚಿ ಕಂಬವನ್ನು ತಳ್ಳಲು ಹೋಗಿದ್ದ. ಕಟಕಟೆಗೂ ಕಲ್ಲಿಗೂ ನಡುವೆ ಅವನ ಬಲಗೈ ಸಿಕ್ಕಿ ಜಜ್ಜಿಹೋಯಿತು.

ರೂಲ್ಸಣ್ಣನ ಕೆಲಸ ಹೋಯಿತು, ಹೋಗಬೇಕಾದದ್ದೇ. ವಿಚಾರಣೆಯಲ್ಲಿ ಅವನು ಒಂದೂ ಸಮರ್ಥನೆ ಹೇಳಲಿಲ್ಲ. ಮೇಷ್ಟರು ಒಮ್ಮೆ ಬೀದಿಯಲ್ಲಿ ಸಿಕ್ಕು, ಅವನ ತೋಳು ಹಿಡಿದುಕೊಂಡು "ಹುಷಾರಾಗಿರಪ್ಪ" ಎಂದಷ್ಟೇ ಹೇಳಿ ಹೋದರು. ಊರವರು ಎರಡು ಪಂಗಡವಾದರು. ಒಂದು ಪಂಗಡ ಹುಚ್ಚ ಎಂದಿತು, ಇನ್ನೊಂದು ಗಂಡ ಅಂದ್ರೆ ಹಾಗಿರಬೇಕು ಎಂದಿತು. ಎರಡನೆಯವರು ಯಾರೂ ಆವತ್ತು ಲಾಂಚಿನಲ್ಲಿದ್ದವರಲ್ಲ.

ಬಡಗಿಯನ್ನು ನೋಡಲು ಅವನು ಒಬ್ಬನೇ ಹೋದ. ಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ಅರ್ಧ ಹೆರೆದ ಬಾಗಿಲೊಂದು ಗೋಡೆಗೆ ಒರಗಿತ್ತು, ನೆಲದ ಮೇಲಿನ ಹೊಟ್ಟು ಯಾರೂ ಗುಡಿಸದೆ ಹಾಗೇ ಇತ್ತು. ಬಡಗಿ ಮಂಚದ ಮೇಲೆ ಕುಳಿತಿದ್ದ, ಬಲಗೈ ಮಣಿಕಟ್ಟಿಗೆ ಮುಗಿದಿತ್ತು. ಬೈಯುತ್ತಾನೆ ಎಂದು ರೂಲ್ಸಣ್ಣ ಸಿದ್ಧವಾಗಿ ಹೋಗಿದ್ದ. ಬೈಯಲಿಲ್ಲ.

"ಚಕ್ರ ಯಾಕೆ ಬಿಟ್ರಿ?" ಎಂದು ಕೇಳಿದ ಬಡಗಿ.

"ಹೆಂಡತಿ ಕೂತಿದ್ದ ಜಾಗ ಖಾಲಿ ಇತ್ತು."

ಬಡಗಿ ತಲೆಯಾಡಿಸಿದ, ಅರ್ಥವಾಗುವ ಮಾತೇ ಎಂಬ ಹಾಗೆ. ಒಳಬಾಗಿಲ ಕಡೆ ಒಮ್ಮೆ ನೋಡಿದ. ಅಲ್ಲಿ ಒಬ್ಬ ಹೆಂಗಸು ಮೊರದಲ್ಲಿ ಏನನ್ನೋ ಕೇರುತ್ತ, ಇವರ ಕಡೆ ತಿರುಗದೆ ಕುಳಿತಿದ್ದಳು.

"ನನ್ನ ಹೆಂಡತೀನೂ ಅದೇ ಲಾಂಚಲ್ಲಿದ್ಲು" ಎಂದ ಬಡಗಿ. ಆಮೇಲೆ, "ಆ ನೀರಿನ ಲೋಟ ಸ್ವಲ್ಪ ಇತ್ಲಾಗೆ ಕೊಡ್ತೀರಾ" ಎಂದ. ರೂಲ್ಸಣ್ಣ ಕೊಟ್ಟ. ಅವನು ಎಡಗೈಯಲ್ಲಿ ಹಿಡಿದು, ಅರ್ಧ ಚೆಲ್ಲಿಕೊಂಡು ಕುಡಿದ.

ಮನೆಗೆ ಬರುವ ದಾರಿಯುದ್ದಕ್ಕೂ ರೂಲ್ಸಣ್ಣನ ನಾಲಿಗೆಯ ಮೇಲೆ ಒಂದೇ ಪ್ರಶ್ನೆಯಿತ್ತು. ಹಿಂದಿನ ಬೆಂಚಿನಿಂದ ಮುಂಭಾಗಕ್ಕೆ ಅವಳು ಯಾಕೆ ಎದ್ದು ಹೋದಳು? ಚಳಿಗೋ, ನೀರಿನ ಭಯಕ್ಕೋ, ಯಂತ್ರದ ಬಿಸಿಗೋ? ಖಾಲಿ ಬೆಂಚು ಕಂಡರೆ ತಾನು ಚಕ್ರ ಬಿಟ್ಟು ಹಾರುತ್ತೇನೆ ಎಂದು ಅವಳಿಗೆ ಗೊತ್ತಿರಬೇಕಾದ ಕಾರಣವೇನೂ ಇರಲಿಲ್ಲ. ಆದರೆ ಗೂಡಿಗೆ ಹಿಂದೊಂದು ಕಿಟಕಿಯಿದೆ, ಅದರಲ್ಲಿ ತಾನು ಅವಳನ್ನೇ ನೋಡುತ್ತಿದ್ದೆ ಎಂಬುದಂತೂ ಅವಳಿಗೆ ಗೊತ್ತಿತ್ತು. ಇಂದು ಕೇಳಿಯೇ ತೀರಬೇಕೆಂದು ಮೆಟ್ಟಿಲು ಹತ್ತಿದ.

ಚಪ್ಪಲಿ ಬಿಡುತ್ತಿದ್ದ ಹಾಗೆಯೇ ಒಳಗಿನಿಂದ ಕೂಗು ಬಂತು. "ರೀ." ಬೀದಿಗೆಲ್ಲ ಕೇಳುವ ಹಾಗೆ, ಮೊದಲಿನ ಗಂಟಲೇ, ಒಂದು ಎಳೆಯೂ ಕಡಿಮೆಯಿಲ್ಲ. ಅವನ ಕಾಲು ತಾನಾಗಿ ಓಡಿತು. ಬಾಗಿಲಿಗೆ ಹೆಗಲು ಬಡಿದುಕೊಂಡು, ಉಸಿರು ಸಿಗದೆ, ಅಡುಗೆಮನೆಯ ಹೊಸ್ತಿಲಲ್ಲಿ ಹೋಗಿ ನಿಂತ.

ಅವಳು ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತಿದ್ದಳು. ಒಲೆಯ ಮೇಲೆ ಏನೂ ಇರಲಿಲ್ಲ. ಅವನು ಓಡಿ ಬಂದದ್ದನ್ನು, ಅವನ ಎದೆ ಏರಿಳಿಯುವುದನ್ನು, ಅವನ ಮುಖವನ್ನು ಅವಳು ನಿಧಾನವಾಗಿ, ಎಷ್ಟು ಹೊತ್ತು ತಡೆಯುತ್ತಾನೆ ಎಂದು ಅಳೆಯುವವರ ಹಾಗೆ ನೋಡಿದಳು.

"ಏನಾಯ್ತು?" ಎಂದ ಅವನು.

"ಏನಿಲ್ಲ. ಕೂಗಿ ನೋಡ್ದೆ."

ಅವನು ಪ್ರಶ್ನೆ ಕೇಳಲಿಲ್ಲ. ಕೇಳಿದರೆ ಅವಳು ನಿಜವನ್ನೇ ಹೇಳುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಹೋಗಿ ಜಗಲಿಯಲ್ಲಿ ಕುಳಿತ. ಸ್ವಲ್ಪ ಹೊತ್ತಿನಲ್ಲಿ ಅವಳು ಮತ್ತೆ ಕೂಗಿದಳು. ಅವನು ಎದ್ದು ಓಡಿದ.